ನಮ್ಮವ್ವನ ಪಾಲು

ಕಾರ್ಚಾ ಸಂತೆಯಲ್ಲಿ ಅರಾಸೆಲಿ ಸಗಾಸ್ತುಮೆ ಅವರ ಚೀಸ್ ಅಂಗಡಿ ಎಲ್ಲಿದೆ ಎಂದು ಯಾರನ್ನಾದರೂ ಕೇಳಿದರೆ, ಗಲಾಟೆ ಎಲ್ಲಿಂದ ಬರುತ್ತಿದೆಯೋ ಅಲ್ಲಿ ಎಂದು ಕೈ ತೋರಿಸುತ್ತಾರೆ. ಅವರು ನಮ್ಮ ಕಡೆಯವರಲ್ಲ, ಬಿಸಿಲು ಸೀಮೆಯ ಸಕಾಪಾದವರು. ಅಲ್ಲಿನ ಜನ ಗುಟ್ಟು ಹೇಳಿದರೂ ಹತ್ತು ಮನೆಗೆ ಕೇಳುತ್ತದೆ. ನಾವು ಬೆಟ್ಟದ ಕೆಕ್ಚಿ ಜನ ಜಗಳವನ್ನೂ ಪಿಸುದನಿಯಲ್ಲಿ ಆಡುವವರು. ಇಪ್ಪತ್ತಾರು ವರ್ಷ ನಮ್ಮ ನಡುವೆ ಬಾಳಿ, ನಮ್ಮ ಭಾಷೆಯಲ್ಲೇ ಚೌಕಾಸಿ ಮಾಡಿ, ನಮ್ಮ ಭಾಷೆಯಲ್ಲೇ ಬೈದರೂ ಅವರ ಗಂಟಲು ಮಾತ್ರ ಸಕಾಪಾದ್ದಾಗಿಯೇ ಉಳಿದಿದೆ.

ಹೋದ ತಿಂಗಳು ನಮ್ಮ ಚರ್ಚಿನ ಸಭೆಯ ಮೂವರು ಹುಡುಗಿಯರು ಅವರ ಅಂಗಡಿಗೆ ಬಂದಿದ್ದರು. ಮೂವರೂ ಬೆಟ್ಟದಾಚೆ, ಬೇರೆ ಭಾಷೆ ಆಡುವ ಊರುಗಳಿಗೆ ಮಿಷನ್ ಸೇವೆಗೆ ಹೊರಟವರು. "ಸೆನ್ಯೊ, ನೀವು ಸೆಹಾಲಿನಲ್ಲಿ ಸೇವೆ ಮಾಡಿದ್ರಂತೆ. ನಮಗೂ ನಾಲ್ಕು ಬುದ್ಧಿಮಾತು ಹೇಳಿ," ಎಂದು ಕೇಳಿದರು. ಸೆನ್ಯೊ ಎಂದರೆ ನಮ್ಮ ದೇಶದಲ್ಲಿ ಟೀಚರಮ್ಮ, ಅಕ್ಕೋರು ಎಂದ ಹಾಗೆ. ಅರಾಸೆಲಿ ಚೀಸಿನ ಮೇಲೆ ಕೂತ ನೊಣ ಓಡಿಸುತ್ತಾ, ಪಕ್ಕದಲ್ಲಿದ್ದ ನನ್ನ ಕಡೆ ಗದ್ದ ಆಡಿಸಿ ತೋರಿಸಿದರು.

"ಈ ಆಲ್ಬಿನಾನ ಕೇಳಿ. ಅಲ್ಲಿ ನಾನು ಆಡಿದ ಮಾತೆಲ್ಲ ಇವಳ ಬಾಯಿಂದಲೇ ಹೊರಗೆ ಬಂದಿದ್ದು."

ಹುಡುಗಿಯರು ನಕ್ಕರು. ನಾನು ಏನೋ ಒಂದಿಷ್ಟು ಹೇಳಿದೆ: ಒಳ್ಳೆಯ ಚಪ್ಪಲಿ ಒಯ್ಯಿರಿ, ಕೊಟ್ಟ ನೀರು ಬೇಡ ಎನ್ನಬೇಡಿ, ನಾಯಿಗೆ ಹೆದರಬೇಡಿ. ಅವರು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ಅದನ್ನು ಈಗ ಬರೆಯುತ್ತಿದ್ದೇನೆ.

ಅರಾಸೆಲಿ ಹುಟ್ಟಿದ್ದು ಹಸು ಸಾಕಿ ಚೀಸ್ ಮಾಡುವವರ ಮನೆಯಲ್ಲಿ, ಏಳನೆಯ ಮಗಳಾಗಿ. ಹದಿನೆಂಟನೆಯ ವಯಸ್ಸಿನಲ್ಲಿ ಮಿಷನ್ ಸೇವೆಗೆ ಹೆಸರು ಕೊಟ್ಟರು. ಅದೇ ವರ್ಷ ಅವರ ಅಪ್ಪನಿಗೆ ಲಕ್ವ ಹೊಡೆಯಿತು. ಅಣ್ಣಂದಿರಿಗೆ ಹೆಂಡತಿ ಮಕ್ಕಳಿದ್ದರು, ಅಕ್ಕಂದಿರಿಗೆ ಗಂಡಂದಿರಿದ್ದರು. ಅರಾಸೆಲಿಗೆ ದೇವರ ಕರೆಯೊಂದು ಬಿಟ್ಟು ಬೇರೇನೂ ಇಲ್ಲದ್ದರಿಂದ ಅಪ್ಪನ ಆರೈಕೆ ಅವರ ತಲೆಗೆ ಬಂತು. ಹನ್ನೊಂದು ವರ್ಷ ಅಪ್ಪನ ಬಾಯಿಗೆ ಗಂಜಿ ಇಟ್ಟರು, ಮೈ ಒರೆಸಿದರು, ಹಾಸಿಗೆ ಬದಲಿಸಿದರು. ಅಪ್ಪನನ್ನು ಮಣ್ಣು ಮಾಡಿದ ತಿಂಗಳಿಗೆ ಒಂದು ಪೆಟ್ಟಿಗೆ ಹಿಡಿದು ಕೊಬಾನ್ ಪಟ್ಟಣಕ್ಕೆ ಬಂದು ಪಾಸ್ಟರ್ ಎಲಿಯೆಸೆರ್ ಮುಂದೆ ನಿಂತರು. "ಹನ್ನೊಂದು ವರ್ಷ ತಡವಾಯ್ತು, ಇನ್ನು ಒಂದು ದಿನಾನೂ ಕಾಯೋಕಾಗಲ್ಲ," ಎಂದರಂತೆ.

ಪಾಸ್ಟರ್ ಕಳಿಸಿದ ಮೊದಲ ಊರಿನಲ್ಲಿ ಎಂಟು ತಿಂಗಳು ಇದ್ದು, ಪ್ರಾರ್ಥನೆಗೆ ಒಂದು ಮನೆಯೂ ಸಿಗದೆ ವಾಪಸಾದರು. ಎರಡನೆಯದು ಸೆಹಾಲ್. ಪಾಸ್ಟರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಈಸ್ಟರ್ ಆದ ಏಳು ವಾರಕ್ಕೆ ಬರುವ ಪೆಂತೆಕೊಸ್ತ್ ಭಾನುವಾರದ ಒಳಗೆ ಒಂದು ಮನೆಯವರಾದರೂ ಪ್ರಾರ್ಥನೆಗೆ ಜಾಗ ಕೊಡಬೇಕು. ಆ ದಿನ ತಾವೇ ಬಂದು ನೋಡುತ್ತಾರೆ. ಇಲ್ಲವಾದರೆ ಸೆಹಾಲಿನ ಕೆಲಸ ಮುಚ್ಚಿ ಅರಾಸೆಲಿ ಊರಿಗೆ ಹೋಗಬೇಕು, ಮೂರನೆಯ ಊರು ಎಂಬುದಿಲ್ಲ.

ಅವರ ಜೊತೆಗೆ ನಡೆಯಲು, ಮಾತು ತಿರುಗಿಸಿ ಹೇಳಲು ಸ್ಪ್ಯಾನಿಷ್ ಬಲ್ಲ ಕೆಕ್ಚಿ ಹುಡುಗಿಯೊಬ್ಬಳು ಬೇಕಿತ್ತು. ನನಗೆ ಆಗ ಇಪ್ಪತ್ತು. ಕೊಬಾನಿನಲ್ಲಿ ಟೈಪಿಂಗ್ ಕಲಿಯಬೇಕೆಂದು ನನ್ನ ಆಸೆ. ಒಂದು ವರ್ಷ ಸೆನ್ಯೊ ಜೊತೆಗಿದ್ದರೆ ಟೈಪಿಂಗ್ ಶಾಲೆಗೆ ಸೇರಿಸುತ್ತೇನೆ ಎಂದು ಪಾಸ್ಟರ್ ಮಾತು ಕೊಟ್ಟರು. ಹಾಗಾಗಿ ಅವರು ಹೊರಟಿದ್ದು ದೇವರ ಕರೆಗೆ, ನಾನು ಹೊರಟಿದ್ದು ಟೈಪಿಂಗ್ ಕರೆಗೆ.

ಸೆಹಾಲಿನವರಿಗೆ ದೇವರುಗಳ ಕೊರತೆಯೇನೂ ಇರಲಿಲ್ಲ. ಬೆಟ್ಟಕ್ಕೊಬ್ಬ ಒಡೆಯ-ದೇವರಿದ್ದ, ಊರ ನಡುವೆ ಸಂತನ ಗುಡಿಯಿತ್ತು. ದೇಶದೊಳಗಿನ ಯುದ್ಧ ಮುಗಿದು ಇನ್ನೂ ಒಂದೂವರೆ ವರ್ಷವಷ್ಟೇ ಆಗಿದ್ದ ಕಾಲ ಅದು, ಹೊರಗಿನಿಂದ ಬಂದವರು ಏನು ಕೇಳಿಕೊಂಡು ಹೋಗಿ ಎಲ್ಲಿ ಹೇಳುತ್ತಾರೋ ಎಂಬ ಅಂಜಿಕೆ ಜನರಿಗಿತ್ತು. ಆದರೂ ಯಾರೂ ನಮ್ಮನ್ನು ಓಡಿಸಲಿಲ್ಲ. ಕೂರಲು ಮಣೆ ಕೊಟ್ಟು, ಕೋಕೋ ಕುಡಿಸಿ, ಹೇಳಿದ್ದನ್ನು ಕೇಳಿ, ಹೋಗಿಬನ್ನಿ ಎನ್ನುತ್ತಿದ್ದರು.

ಮಾತು ತಿರುಗಿಸುವ ಕೆಲಸದಲ್ಲಿ ನನಗೆ ಬಲು ಮಜಾ ಇತ್ತು. ಅರಾಸೆಲಿ ಮನಸ್ಸಿಗೆ ಬಂದಿದ್ದನ್ನು ಹಾಗೇ ಬಾಯಿಗೆ ತರುವವರು. ಒಂದು ಮನೆಯಲ್ಲಿ ಹಂದಿ ಒಳಗೆ ಬಂದು ಅವರ ಪಾದ ಮೂಸಿತು. "ಇದನ್ನ ಕಟ್ಟಿಹಾಕೋಕೆ ಇವರಿಗೇನು ಧಾಡಿ ಅಂತ ಕೇಳು," ಎಂದರು. ನಾನು ಮನೆಯವರಿಗೆ, "ನಿಮ್ಮ ಹಂದಿ ಚೆನ್ನಾಗಿ ಮೈ ತುಂಬಿಕೊಂಡಿದೆ ಅಂತಿದ್ದಾರೆ," ಎಂದೆ. ಮನೆಯೊಡತಿ ಹಿಗ್ಗಿಹೋದಳು. ಇನ್ನೊಂದು ಮನೆಯಲ್ಲಿ ಮುದುಕನೊಬ್ಬ, "ಈ ಹೆಂಗಸಿಗೆ ಗಂಡ ಯಾಕಿಲ್ಲ, ದನಿ ಕೇಳಿ ಓಡಿಹೋದನೇನೋ," ಎಂದ. "ನಿಮಗೆ ಒಳ್ಳೇದಾಗಲಿ ಅಂತಿದ್ದಾರೆ, ಸೆನ್ಯೊ," ಎಂದೆ. ಹೀಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಮೆಚ್ಚಿಗೆಯಾಗುವಂತೆ ನೋಡಿಕೊಂಡೆ. ನಾನಿಲ್ಲದೆ ಇವರ ಬಂಡಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಎಂಬ ಜಂಬ ನನಗೆ ತಲೆಗೇರಿತ್ತು.

ಆದರೆ ಅರಾಸೆಲಿಗೆ ನಾನು ಕೆಲಸದ ಹುಡುಗಿ. ಕೂದಲು ಸರಿಮಾಡ್ಕೋ, ನೆಟ್ಟಗೆ ಕೂತ್ಕೋ, ಮೊಣಕೈ ಒಳಗಿಟ್ಕೋ. ದಿನಕ್ಕೆ ಹತ್ತು ಸಲ. ನಾನು ಮೇಲೆ ಹ್ಞೂಂ ಎನ್ನುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ.

ಸೆಹಾಲಿನಲ್ಲಿ ಯಾರ ಮಾತು ನಡೆಯುತ್ತದೆ ಎಂದರೆ ದೊಮಿಂಗಾ ಇಕಾಲ್ ಅವರದ್ದು. ಅರವತ್ತು ದಾಟಿದ ವಿಧವೆ, ಊರಿನ ಅರ್ಧ ಮಕ್ಕಳಿಗೆ ಸೂಲಗಿತ್ತಿ. ಎಲ್ಲರೂ ಅವರನ್ನು ದೊಮಿಂಗಾ ಅವ್ವ ಎನ್ನುತ್ತಿದ್ದರು. ಕಾರ್ಚಾ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ನಮ್ಮವ್ವನನ್ನು ಬಲ್ಲವರು. ಅವರ ಮನೆಗೆ ಅಗಲವಾದ ಜಗುಲಿ ಇತ್ತು. ಏಪ್ರಿಲ್ ಹೊತ್ತಿಗೆ ದೊಮಿಂಗಾ ಅವ್ವ ನನ್ನ ಕಿವಿಯಲ್ಲಿ, "ಬಿತ್ತನೆ ಮುಗೀಲಿ. ಆಮೇಲೆ ನಿನ್ನ ಸೆನ್ಯೊ ಬೇಕಿದ್ರೆ ಇಲ್ಲಿ ಕೂತು ಹಾಡಲಿ," ಎಂದರು. ಈ ಸುದ್ದಿ ಹೇಳಿದಾಗ ಅರಾಸೆಲಿ ನನ್ನನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿದರು. ದೊಮಿಂಗಾ ಅವ್ವನ ಮನೆಯ ಬಿತ್ತನೆ ದಿನದ ಊಟಕ್ಕೆ ನಮ್ಮಿಬ್ಬರಿಗೂ ಕರೆ ಬಂತು.

ನಮ್ಮಲ್ಲಿ ಬಿತ್ತನೆ ಒಬ್ಬನ ಕೆಲಸವಲ್ಲ. ಮೂವತ್ತು ಗಂಡಸರು ಸಾಲಾಗಿ ನಿಂತು ಕೋಲಿನಿಂದ ಕುಳಿ ತೋಡಿ ಮೆಕ್ಕೆಜೋಳ ಊರುತ್ತಾರೆ. ಮಧ್ಯಾಹ್ನ ಹೊಲದ ಒಡೆಯನ ಮನೆಯಲ್ಲಿ ಊಟ. ಒಣಮೆಣಸಿನಕಾಯಿ ಅರೆದು ಕಾಯಿಸಿದ ಕೆಂಪು ಸಾರು, ಜೊತೆಗೆ ಎಲೆಯಲ್ಲಿ ಬೇಯಿಸಿದ ಜೋಳದ ಕಡುಬು. ಒಬ್ಬೊಬ್ಬರ ಬಟ್ಟಲಲ್ಲೂ ಅಂಗೈಗಿಂತ ದೊಡ್ಡದಾದ ಟರ್ಕಿ ಕೋಳಿಯ ತುಂಡು. ಕರೆಸಿಕೊಂಡವರು ಸಾರು ಕುಡಿಯುತ್ತಾರೆ, ಕಡುಬು ತಿನ್ನುತ್ತಾರೆ, ಮಾಂಸವನ್ನು ಮಾತ್ರ ಅಗಲ ಎಲೆಯಲ್ಲಿ ಕಟ್ಟಿ ಮನೆಗೆ ಒಯ್ಯುತ್ತಾರೆ. ಅದು ಮನೆಯಲ್ಲಿ ಉಳಿದವರ ಪಾಲು. ಬಡಿಸುವವಳು ಬಟ್ಟಲಿಗೆ ತುಂಡು ಹಾಕುವಾಗಲೇ ಆ ಮನೆಯಲ್ಲಿ ಯಾರಿದ್ದಾರೆ ಎಂದು ನೆನೆದು ಹಾಕುತ್ತಾಳೆ. ನಮ್ಮವ್ವನ ಹಲ್ಲು ಉದುರಿದ್ದು ದೊಮಿಂಗಾ ಅವ್ವನಿಗೆ ಗೊತ್ತಿತ್ತು. ನನಗೆಂದು ಮೆತ್ತನೆಯ ಎದೆಯ ತುಂಡು ಆರಿಸಿ ಹಾಕಿದ್ದರು. ಮರುದಿನ ಅವರ ಅಳಿಯ ಕಾರ್ಚಾಕ್ಕೆ ಲಾರಿ ಹೊಡೆಯುವವನಿದ್ದ, ಅವನ ಕೈಯಲ್ಲಿ ಕಳಿಸುವುದೆಂದು ಆಗಲೇ ಮಾತಾಗಿತ್ತು.

ನಾನು ಸಾರು ಕುಡಿದು, ಮಾಂಸವನ್ನು ಎಲೆಯಲ್ಲಿಟ್ಟು ನಾರಿನಿಂದ ಕಟ್ಟುತ್ತಿದ್ದೆ. ಅರಾಸೆಲಿಯ ಕಣ್ಣು ಬಿತ್ತು. ಅಷ್ಟು ಹೊತ್ತಿಗೆ ಅವರು ತಮ್ಮ ತುಂಡನ್ನು ಮೂಳೆ ಹೊಳೆಯುವ ಹಾಗೆ ತಿಂದು ಮುಗಿಸಿದ್ದರು. ಕೊಟ್ಟಿದ್ದನ್ನು ಒಂದಗುಳೂ ಬಿಡದೆ ತಿನ್ನುವುದೇ ಅತಿಥಿಯ ಮರ್ಯಾದೆ ಎಂದು ಅವರಿಗೆ ಮನೆಯಲ್ಲೂ ಮಿಷನ್‌ನಲ್ಲೂ ಕಲಿಸಿದ್ದರು.

"ಆಲ್ಬಿನಾ, ಏನೇ ಅದು?"

"ಮನೆಗೆ, ಸೆನ್ಯೊ."

"ಮನೆಗಾ? ಕರೆದು ಊಟ ಹಾಕಿದೋರ ಮುಂದೆ ಗಂಟು ಕಟ್ತೀಯಾ? ನಾವೇನು ಭಿಕ್ಷೆಗೆ ಬಂದಿದ್ದೀವಾ? ಬಿಚ್ಚು. ಇಲ್ಲೇ ತಿನ್ನು."

ಮಾತು ಸ್ಪ್ಯಾನಿಷ್‌ನಲ್ಲಿದ್ದರೂ ಆ ದನಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಮೂವತ್ತು ಜನ ಊಟ ನಿಲ್ಲಿಸಿ ನೋಡಿದರು. ಒಲೆಯ ಬಳಿ ರೊಟ್ಟಿ ತಟ್ಟುತ್ತಿದ್ದವರ ಕೈ ನಿಂತಿತು. ಒಂದು ಮಾತು ಸಾಕಿತ್ತು: ಸೆನ್ಯೊ, ಇದು ಇಲ್ಲಿನ ಪದ್ಧತಿ, ಇದು ನಮ್ಮವ್ವನ ಪಾಲು. ಅದನ್ನು ಹೇಳಲು ಅಲ್ಲಿ ನನ್ನ ಬಿಟ್ಟು ಇನ್ನಾರಿಗೂ ಆಗುತ್ತಿರಲಿಲ್ಲ. ಆದರೆ ನನ್ನ ಮುಖ ಕೆಂಡವಾಗಿತ್ತು. ಮಾಡು, ನೀನೇ ನಿನ್ನ ಮನೆ ಹಾಳು ಮಾಡ್ಕೋ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಗಂಟು ಬಿಚ್ಚಿ, ಎಲ್ಲರೂ ನೋಡುತ್ತಿರುವಂತೆಯೇ ನಮ್ಮವ್ವನ ಪಾಲನ್ನು ತಿಂದೆ. ನೀರು ಕುಡಿದು ಕುಡಿದು ಇಳಿಸಿದೆ. ಅರಾಸೆಲಿ ನಮ್ಮಿಬ್ಬರ ಖಾಲಿ ಬಟ್ಟಲನ್ನು ದೊಮಿಂಗಾ ಅವ್ವನಿಗೆ ಎತ್ತಿ ತೋರಿಸಿ, ಬಹಳ ಚೆನ್ನಾಗಿತ್ತು ಎಂದು ಬಾಯಿತುಂಬ ನಕ್ಕರು. ಅವ್ವ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ಮರುದಿನದಿಂದ ಸೆಹಾಲಿನ ಬಾಗಿಲುಗಳು ಮುಚ್ಚಿದವು. ಬೈದು ಮುಚ್ಚಲಿಲ್ಲ, ನಮ್ಮವರು ಹಾಗೆ ಮಾಡುವವರಲ್ಲ. "ಮನೆಯೋರು ಹೊಲಕ್ಕೆ ಹೋಗಿದ್ದಾರೆ," ಎಂದು ಒಳಗಿನಿಂದ ದನಿ ಬರುತ್ತಿತ್ತು. ಸೂರಿನಿಂದ ಹೊಗೆ ಏಳುತ್ತಿತ್ತು, ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ದೊಮಿಂಗಾ ಅವ್ವನ ಜಗುಲಿಯ ಮಾತೂ ಅಲ್ಲಿಗೇ ನಿಂತಿತು. ಪೆಂತೆಕೊಸ್ತಿಗೆ ಐದು ವಾರ ಉಳಿದಿತ್ತು.

ಅರಾಸೆಲಿ ತಮಗೆ ನಮ್ಮ ಕೆಕ್ಚಿ ಭಾಷೆ ಸರಿಯಾಗಿ ಬಾರದ್ದಕ್ಕೆ ಹೀಗಾಯಿತು ಎಂದುಕೊಂಡರು. ಹಟ ಹಿಡಿದು ಕೂತರು. ಬೆಳಿಗ್ಗೆ ಹೊಳೆಗೆ ಬಟ್ಟೆ ಒಗೆಯಲು ಹೋಗಿ, ಹೆಂಗಸರ ಪಕ್ಕದ ಕಲ್ಲಿನ ಮೇಲೆ ಕೂತು, ಅವರು ಮಕ್ಕಳಿಗೆ ಬೈಯುವ ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. ಮಕ್ಕಳ ಹಿಂದೆ ಹೋಗಿ ಮರದ ಹೆಸರು, ಹಕ್ಕಿಯ ಹೆಸರು ಕೇಳಿದರು. ಊಟ ಮಾಡುವಾಗಲೂ ಗುನುಗುನು ಎಂದು ಕಲಿಯುತ್ತಿದ್ದರು. ಆ ಐದು ವಾರಗಳಲ್ಲಿ ಅವರು ಕಲಿತಷ್ಟು ಭಾಷೆಯನ್ನು ಮಿಷನ್‌ನ ಯಾವ ಪಂಡಿತನೂ ಐದು ವರ್ಷದಲ್ಲಿ ಕಲಿತಿರಲಾರ. ಅಷ್ಟು ಕಲಿತು ಬಾಗಿಲಿಗೆ ಹೋಗಿ ಅಪ್ಪಟ ಕೆಕ್ಚಿಯಲ್ಲಿ ನಮಸ್ಕಾರ ಹೇಳಿದರೆ, ಅದೇ ಉತ್ತರ: ಮನೆಯೋರು ಹೊಲಕ್ಕೆ ಹೋಗಿದ್ದಾರೆ.

ನಾನು ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತಿರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಮೊದಲ ವಾರ ನನಗೆ ಖುಷಿಯಾಯಿತು. ಎರಡನೆಯ ವಾರವೂ ಆಯಿತು. ಮೂರನೆಯ ವಾರ ಖುಷಿ ಹೋಗಿ ಬರಿ ಹಟ ಉಳಿಯಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂಬ ಭಯ ಅದಕ್ಕೆ ಸೇರಿತು. ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಊರಿನವರು ಮುನಿದಿರುವುದು ಅವರ ಮೇಲೆ, ನನಗೇನು.

ನಾಲ್ಕನೆಯ ವಾರ ಅರಾಸೆಲಿ ಉಪವಾಸ ಹಿಡಿದರು. ಮೂರನೆಯ ದಿನ ಏರುದಾರಿಯಲ್ಲಿ ಅವರ ಕಾಲು ಕುಸಿಯಿತು. ಬಂಡೆಯೊಂದರ ಮೇಲೆ ಕೂತು ಉಸಿರು ತೆಗೆದುಕೊಂಡರು. ದನಿ ಅಷ್ಟು ಸಣ್ಣಗಿದ್ದದ್ದು ನಾನು ಅದೇ ಮೊದಲು ಕೇಳಿದ್ದು.

"ಹುಡುಕಿ ಹುಡುಕಿ ಸಾಕಾಯ್ತು ಕಣೇ ಆಲ್ಬಿನಾ. ನಾನು ಎಲ್ಲಿ ತಪ್ಪಿದೆ ಅಂತ ನನಗೆ ಕಾಣ್ತಿಲ್ಲ. ನಿನಗೆ ಕಂಡಿದ್ರೆ ಹೇಳು."

ಹೇಳಿದೆ. ಮೆತ್ತಗೆ ಹೇಳಬೇಕು ಎಂದುಕೊಂಡಿದ್ದೆ, ಬಾಯಿ ಬಿಟ್ಟ ಮೇಲೆ ಎಲ್ಲ ಸಿಟ್ಟೂ ಒಟ್ಟಿಗೇ ನುಗ್ಗಿ ಬಂತು. ಊಟದ ಪದ್ಧತಿ ಹೇಳಿದೆ, ನನ್ನನ್ನು ಮೂವತ್ತು ಜನರ ಮುಂದೆ ಭಿಕ್ಷುಕಿ ಮಾಡಿದಿರಿ ಎಂದೆ. ನಾನು ನಿಲ್ಲಿಸಿದ ಮೇಲೆ ಅವರು ತಲೆ ಎತ್ತಿದರು.

"ಆ ತುಂಡು ಯಾರ ಪಾಲು?" ಎಂದರು.

"ನಮ್ಮವ್ವನದು."

"ನಿಮ್ಮವ್ವನದನ್ನ ನಿನ್ನ ಕೈಲೇ ತಿನ್ನಿಸಿದೆನಾ ನಾನು," ಎಂದು ಕಣ್ಣು ಮುಚ್ಚಿದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳುತ್ತಾರೆಂದು ಉತ್ತರ ಜೋಡಿಸಿಕೊಂಡು ನಿಂತಿದ್ದೆ. ಕೇಳಲೇ ಇಲ್ಲ.

ಮರುದಿನ ಅವರು ಯಾರ ಬಾಗಿಲಿಗೂ ಹೋಗಲಿಲ್ಲ. ಪಕ್ಕದ ಹಳ್ಳಿಗೆ ನಡೆದುಹೋಗಿ, ಕಾಲು ಕಟ್ಟಿದ ಟರ್ಕಿ ಕೋಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ನಮ್ಮ ಗುಡಿಸಲಿನಲ್ಲಿ ತಾವೇ ಮೆಣಸಿನಕಾಯಿ ಹುರಿದರು, ಅರೆದರು, ಹೊಗೆಗೆ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದರು. ಉಪ್ಪು ಎಷ್ಟು ಎಂದು ಕೇಳಿದರು. ನಾನು ಇನ್ನೂ ಮುಖ ಊದಿಸಿಕೊಂಡಿದ್ದವಳು ಭುಜ ಕುಣಿಸಿದೆ. ಅವರು ಅಂದಾಜಿನ ಮೇಲೆ ಎರಡು ಹಿಡಿ ಸುರಿದರು. ಪೆಂತೆಕೊಸ್ತಿಗೆ ಎಂಟು ದಿನ ಇರುವಾಗ, ದೊಮಿಂಗಾ ಅವ್ವನ ಅಳಿಯನ ಲಾರಿಯಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಗಂಟೆ ಕುಲುಕಾಡುತ್ತಾ ಕಾರ್ಚಾಕ್ಕೆ ಹೋದೆವು. ಅಳಿಯ ಪಾತ್ರೆಯನ್ನೂ ಇವರನ್ನೂ ಎರಡೆರಡು ಸಲ ನೋಡಿದ.

ನಮ್ಮವ್ವನ ಮುಂದೆ ಅರಾಸೆಲಿ ನೆಲದ ಮೇಲೆ ಕೂತು, ತಮ್ಮದೇ ಕೆಕ್ಚಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ತಮ್ಮ ಪಾಲಿನ ತಪ್ಪನ್ನು ಹೇಳಿದರು. ನನ್ನ ಸುದ್ದಿ ಎತ್ತಲಿಲ್ಲ. ನಮ್ಮವ್ವ ಒಂದು ತುಂಡು ಬಾಯಿಗಿಟ್ಟು ಒಸಡಿನಲ್ಲೇ ಅಗಿದಳು.

"ಉಪ್ಪಿನ ಮೂಟೇನೇ ಬೇಯ್ಸಿದ್ದೀಯಲ್ಲ ಮಗಳೇ," ಎಂದಳು. ಆಮೇಲೆ ಒಂದಿಷ್ಟೂ ಬಿಡದೆ ತಿಂದಳು. ಅಷ್ಟು ದೂರದಿಂದ ಒಬ್ಬಳು ತನಗಾಗಿ ಹೊತ್ತು ತಂದಳೆಂದು ಅವಳಿಗೆ ಹೆಮ್ಮೆ. ಬಾಗಿಲಲ್ಲಿ ಹಾದುಹೋಗುವವರಿಗೆಲ್ಲ ಪಾತ್ರೆ ತೋರಿಸಿದಳು.

ಪೆಂತೆಕೊಸ್ತಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ ನಾವಿಬ್ಬರೂ ದೊಮಿಂಗಾ ಅವ್ವನ ಬಾಗಿಲಿಗೆ ಹೋದೆವು. ಅವ್ವ ಜಗುಲಿಯಲ್ಲಿ ಕೂತು ಕಾಳು ಆರಿಸುತ್ತಿದ್ದರು. ಅರಾಸೆಲಿ ನಮಸ್ಕಾರ ಹೇಳುವ ಮೊದಲೇ ಅವ್ವ ಎದ್ದು ನಿಂತರು.

"ಬಾ ಮಗಳೇ. ಕಾರ್ಚಾಕ್ಕೆ ಪಾತ್ರೆ ಹೊತ್ಕೊಂಡು ಹೋದೆಯಂತೆ. ಅಳಿಯ ಹೇಳ್ದ. ಬಾ ಒಳಗೆ. ನಾಳೆಗೆ ಜಗುಲಿ ಗುಡಿಸಿ ಇಡ್ತೀನಿ."

ಹನ್ನೊಂದು ವರ್ಷ ಕಾದ ಬಾಗಿಲು ಅಷ್ಟು ಸುಲಭವಾಗಿ ತೆರೆಯಿತು. ನಾನು ನಿಟ್ಟುಸಿರು ಬಿಟ್ಟು, ಅರಾಸೆಲಿಯ ಹಿಂದೆಯೇ ಮೆಟ್ಟಿಲಿಗೆ ಕಾಲಿಟ್ಟೆ. ದೊಮಿಂಗಾ ಅವ್ವ ಅಂಗೈ ಅಡ್ಡ ಹಿಡಿದರು.

"ನೀನಲ್ಲ."

ನಾನು ಕಕ್ಕಾಬಿಕ್ಕಿಯಾದೆ. "ನಾನೇನು ಮಾಡ್ದೆ ಅವ್ವ?"

"ಇವಳು ಬಿಸಿಲು ಸೀಮೆಯವಳು. ಇಲ್ಲಿನ ರೀತಿ ಇವಳಿಗೆ ಹೇಗೆ ಗೊತ್ತಾಗ್ಬೇಕು? ಗೊತ್ತಿಲ್ಲದೆ ಮಾಡಿದೋರ ಮೇಲೆ ಯಾರು ಮುನಿಸ್ಕೋತಾರೆ? ನೀನು ನಮ್ಮ ಹುಡುಗಿ. ಇವಳ ಪಕ್ಕ ಕೂತಿದ್ದೆ, ಇವಳ ಭಾಷೆ ನಿನ್ನ ಬಾಯಲ್ಲಿತ್ತು. ಒಂದು ಮಾತು ಹೇಳಲಿಲ್ಲ. ಆವತ್ತು ನಾಚಿಕೆಗೆ ಸುಮ್ಮನಾದೆ ಅಂದ್ಕೊಂಡ್ವಿ. ಮರುದಿನ ಬೆಳಗಾದ್ರೂ ಹೇಳಲಿಲ್ಲ. ನಾಲ್ಕು ವಾರ ಇವಳು ಮನೆಮನೆ ಮುಂದೆ ನಿಂತ್ಲು, ನೀನು ಹಿಂದೆ ನಿಂತು ನೋಡ್ದೆ. ಜೊತೇಲಿ ಉಣ್ಣೋಳಿಗೇ ಹೀಗೆ ಮಾಡೋಳು, ನಾವು ಆಡಿದ ಮಾತನ್ನ ಏನು ಮಾಡಿ ಎಲ್ಲಿ ಹೇಳ್ತಾಳೋ ಅಂತ ಊರು ಹಾಕಿದ ಬಾಗಿಲು ತೆಗೀಲಿಲ್ಲ. ಇವಳಿಗೆ ಹಾಕಿದ್ದಲ್ಲ, ನಿನಗೆ ಹಾಕಿದ್ದು."

ಅಂಥ ಮಾತನ್ನು ಅವರು ಕಾಳು ಆರಿಸುವಷ್ಟೇ ಮೆತ್ತಗೆ ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಷ್ಟು ದಿನ ನಾನು ಯಾರ ಸೋಲು ನೋಡಿ ನಗುತ್ತಿದ್ದೆನೋ ಅವರನ್ನು ಸೋಲಿಸುತ್ತಿದ್ದವಳು ನಾನೇ. ಅರಾಸೆಲಿಗೆ ಇಷ್ಟು ವೇಗದ ಕೆಕ್ಚಿ ತಿಳಿದಿರಲಾರದು ಎಂಬ ಒಂದೇ ಆಸೆಯಿಂದ ಅವರತ್ತ ನೋಡಿದೆ. ಅವರಿಗೆ ಒಂದೊಂದು ಮಾತೂ ತಿಳಿದಿತ್ತು. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದವರು ಕೆಳಗಿಳಿದು ನನ್ನ ಪಕ್ಕಕ್ಕೆ ಬಂದರು.

"ಅವ್ವ," ಎಂದರು. ನನ್ನ ಮೂಲಕ ಅಲ್ಲ, ತಾವೇ. ಮಾತು ತಡವರಿಸಿ ತಡವರಿಸಿ ಬಂತು. "ನಾನು ಇವಳಿಗೆ ನಾಚಿಕೆ ಮಾಡಿದೆ, ಎಲ್ಲ ಜನ ಮುಂದೆ. ಮೊದಲು ತಪ್ಪು ನಂದು. ಆಮೇಲೆ ಇವಳದು. ಇವಳು ಹೊರಗೆ ಅಂದ್ರೆ, ನಾನೂ ಹೊರಗೆ."

"ನಾಳೆ ನಿಮ್ಮ ಪಾಸ್ಟರ್ ಬರ್ತಾನಂತೆ," ದೊಮಿಂಗಾ ಅವ್ವ ಹೇಳಿದರು. "ಮನೆ ಸಿಗ್ದಿದ್ರೆ ನಿನ್ನ ಊರಿಗೆ ಕಳಿಸ್ತಾನಂತೆ."

"ಹೌದು."

"ಗೊತ್ತಿದ್ದೂ ಇಳಿದು ನಿಂತ್ಯಾ?"

"ಗೊತ್ತು," ಎಂದು ಅರಾಸೆಲಿ ಅಂಗಳದ ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು, ಸಂತೆಗೆ ಬಂದವರು ಬಸ್ಸಿಗೆ ಕಾದು ಕೂರುವ ಹಾಗೆ.

ಆಗ ನಾನು ಹೇಳಿದೆ. ಸ್ಪ್ಯಾನಿಷ್‌ನಲ್ಲಿ ಹೇಳಬಹುದಿತ್ತು, ಅವ್ವನಿಗೆ ತಿಳಿಯುತ್ತಿರಲಿಲ್ಲ. ಆದರೆ ಇಬ್ಬರೂ ಕೇಳಲಿ ಎಂದು ನಮ್ಮ ಭಾಷೆಯಲ್ಲೇ ಹೇಳಿದೆ. "ನಾನು ಬೇಕಂತಲೇ ಹೇಳಲಿಲ್ಲ, ಸೆನ್ಯೊ. ನೀವು ಬಾಗಿಲಲ್ಲಿ ನಿಲ್ಲೋದು ನೋಡಿ ನನಗೆ ಖುಷಿ ಆಗ್ತಿತ್ತು. ನೀವು ಉಪವಾಸ ಇದ್ದಾಗ್ಲೂ ನಾನು ಹೊಟ್ಟೆ ತುಂಬಾ ಉಂಡೆ."

"ನನಗೆ ಬಂಡೆ ಮೇಲೆ ಕೂತಾಗ್ಲೇ ಗೊತ್ತಾಯ್ತು," ಎಂದರು ಅರಾಸೆಲಿ. "ಕೂತ್ಕೋ."

ಕೂತೆ. ದೊಮಿಂಗಾ ಅವ್ವ ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಲಿಲ್ಲ, ಕರೆದ ಸದ್ದೂ ಕೇಳಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಅವರ ಜೀವನದ ಒಂದೇ ಒಂದು ಆಸೆಯನ್ನು ನನ್ನ ಪಕ್ಕದಲ್ಲಿ ಇಳಿಸಿಟ್ಟು ಕೂತಿದ್ದರು, ಅದೂ ಅವರಿಗೆ ಕೆಡುಕು ಮಾಡಿದವಳಿಗಾಗಿ. ನಾನಾಗಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ, ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಳು ಬಂತು, ತಡೆಯಲಾಗಲಿಲ್ಲ.

ಬಹಳ ಹೊತ್ತಿನ ಮೇಲೆ ದೊಮಿಂಗಾ ಅವ್ವ ಹೊರಗೆ ಬಂದರು. ಆರಿಸುತ್ತಿದ್ದ ಕಪ್ಪು ಕಾಳಿನ ಬುಟ್ಟಿಯನ್ನು ತಂದು ನಮ್ಮಿಬ್ಬರ ನಡುವೆ ಇಟ್ಟರು.

"ನಾಳೆ ಅಷ್ಟು ಜನಕ್ಕೆ ಬೇಯಿಸ್ಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಆರಿಸಿ," ಎಂದರು. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆಯೇ, "ಇಬ್ರೂ," ಎಂದರು.

ನಾನು ಕಾಳಿಗೆ ಕೈ ಹಾಕಿದೆ. ಏನೂ ಕಾಣಲಿಲ್ಲ, ಕಣ್ಣಿನ ನೀರೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಅರಾಸೆಲಿ ಮೊಣಕೈಯಿಂದ ನನ್ನನ್ನು ತಿವಿದರು. ಹೊಳೆಯ ಬಳಿ ತಾಯಂದಿರು ಮಕ್ಕಳನ್ನು ಗದರಿಸುವ ಅದೇ ಕೆಕ್ಚಿಯಲ್ಲಿ, ಇಡೀ ಸೆಹಾಲಿಗೆ ಕೇಳುವಂಥ ಸಕಾಪಾದ ಗಂಟಲಿನಲ್ಲಿ ಹೇಳಿದರು:

"ಕಣ್ಣೊರೆಸ್ಕೋ ಹುಡುಗಿ. ನಾಳೆ ಪಾಸ್ಟರ್ ಬಾಯಿಗೆ ಕಲ್ಲು ಸಿಕ್ರೆ ಅವರು ಬೈಯೋದನ್ನ ನೀನೇ ತಿರುಗಿಸಿ ಹೇಳ್ಬೇಕಾಗುತ್ತೆ."

ಒಳಗಿನಿಂದ ದೊಮಿಂಗಾ ಅವ್ವ ನಗುವುದು ಕೇಳಿಸಿತು.